ಎದ್ದು ಹೋದವರ ಹೆಸರು

ಕಾವೇರಿಯ ನಾಲೆಗಳು ಹರಿಯುವ ಸೀಮೆಯಲ್ಲಿ ಪಹಣಿ ಎಂಬ ಮಾತನ್ನು ಕೇಳದ ಮನೆಯಿಲ್ಲ. ಹಿಂದೆ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದ ಸಾಲಿಗ್ರಾಮದ ಬತ್ತದ ಗದ್ದೆಯಾಗಲಿ, ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲವಾಗಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಭೂಮಿಯಾಗಲಿ, ಅದರ ಒಡೆಯನಾರು, ವಿಸ್ತೀರ್ಣವೆಷ್ಟು, ಬೆಳೆ ಯಾವುದು, ಮೇಲೆ ಸಾಲವುಂಟೆ ಎಂಬುದನ್ನೆಲ್ಲ ಹೇಳುವ ಪತ್ರವೇ ಪಹಣಿ. ಬಹುಕಾಲ ಅದನ್ನು ಗ್ರಾಮಲೆಕ್ಕಿಗರು ಕೈಯಿಂದ ಬರೆದು ಕಾಪಾಡುತ್ತಿದ್ದರು. ಕರ್ನಾಟಕ ಸರ್ಕಾರದ ಕಂದಾಯ ಇಲಾಖೆಯು 'ಭೂಮಿ' ಎಂಬ ಯೋಜನೆಯನ್ನು ಕೈಗೊಂಡು, ೨೦೦೨ರ ಹೊತ್ತಿಗೆ ಸುಮಾರು ೬೭ ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಿತು.

ಆ ಯೋಜನೆಯಲ್ಲಿ ಗಮನಿಸತಕ್ಕ ಒಂದು ಏರ್ಪಾಡಿತ್ತು. ಪಹಣಿಯಲ್ಲಿ ಬದಲಾವಣೆ ಮಾಡುವ ಅಧಿಕಾರಿಯು ಗಣಕಯಂತ್ರದೊಳಕ್ಕೆ ಪ್ರವೇಶಿಸಬೇಕಾದರೆ ತನ್ನ ಬೆರಳಚ್ಚನ್ನು ಒತ್ತಬೇಕಾಗಿತ್ತು. ಗುಪ್ತಪದವನ್ನು ಒಬ್ಬರಿಗೊಬ್ಬರು ಹೇಳಿಕೊಡಬಹುದು, ಬೆರಳನ್ನು ಕೊಡಲಾಗುವುದಿಲ್ಲ. ಮುಂದೆ ತಕರಾರು ಹುಟ್ಟಿದಾಗ 'ಇದನ್ನು ಮಾಡಿದವನು ನಾನಲ್ಲ' ಎಂದು ನುಣುಚಿಕೊಳ್ಳಲು ಅವಕಾಶವಿರಬಾರದೆಂಬುದೇ ಇದರ ಉದ್ದೇಶ. ಇದು ಮೆಚ್ಚತಕ್ಕ ಏರ್ಪಾಡೇ ಸರಿ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಬೆರಳೊತ್ತಿ ಒಳಹೊಕ್ಕ ಮನುಷ್ಯನು ಕೆಲಸವನ್ನು ಅರ್ಧಕ್ಕೆ ಬಿಟ್ಟು ಕಾಫಿಗೆಂದು ಎದ್ದು ಹೋದರೆ? ಪ್ರವೇಶದ ಸಮಯದಲ್ಲಿ ಯಾರು ಬಂದರೆಂಬುದನ್ನು ಯಂತ್ರವು ಪರೀಕ್ಷಿಸಿತು, ನಿಜ. ಈಗ ಕುರ್ಚಿಯಲ್ಲಿ ಯಾರಿದ್ದಾರೆ, ಅಥವಾ ಯಾರಾದರೂ ಇದ್ದಾರೆಯೆ ಎಂಬುದು ಅದಕ್ಕೆ ತಿಳಿಯದು. ಹೋದವನು ಹೇಳಿ ಹೋಗದಿದ್ದರೆ ಅವನ ಹೆಸರು ಒಳಗೆ ಹಾಗೆಯೇ ನಿಂತಿರುತ್ತದೆ.

ಈ ತೊಡಕು ಒಂದು ಕಚೇರಿಗೆ ಸೀಮಿತವಾದುದಲ್ಲ. ಅನೇಕರು ಹಂಚಿಕೊಂಡು ಬಳಸುವ ಎಲ್ಲ ಗಣಕಯಂತ್ರಗಳಿಗೂ ಇದು ಅಂಟಿಕೊಂಡೇ ಬಂದಿದೆ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಇದು ಹೇಗೆ ತಲೆದೋರುತ್ತದೆ, ಇದನ್ನು ಹೇಗೆ ಕಂಡುಹಿಡಿದು ಮುಗಿಸುತ್ತಾರೆ ಎಂಬುದು ಈ ಪಾಠದ ವಿಷಯ.

ಮೊದಲ ಗಣಕಯಂತ್ರಗಳು ಒಂದು ಸಲಕ್ಕೆ ಒಬ್ಬರ ಕೆಲಸವನ್ನು ಮಾತ್ರ ಮಾಡುತ್ತಿದ್ದವು. ೧೯೬೧ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಒಂದೇ ಯಂತ್ರದ ಕಾಲವನ್ನು ಹಲವರಿಗೆ ಹಂಚಿಕೊಡುವ ವಿಧಾನವನ್ನು ಮಾಡಿ ತೋರಿಸಿದರು. ಯಂತ್ರವು ಒಬ್ಬನ ಕೆಲಸವನ್ನು ಕ್ಷಣದ ಒಂದಂಶ ಕಾಲ ನಡೆಸಿ, ಅದನ್ನು ಬದಿಗಿಟ್ಟು ಮತ್ತೊಬ್ಬನ ಕೆಲಸಕ್ಕೆ ಕೈಹಾಕುತ್ತದೆ. ಈ ಸರದಿ ಎಷ್ಟು ಶೀಘ್ರವಾಗಿ ಸುತ್ತುತ್ತದೆಂದರೆ ಪ್ರತಿಯೊಬ್ಬನಿಗೂ ಯಂತ್ರವು ತನಗೊಬ್ಬನಿಗೇ ಮೀಸಲಾಗಿದೆಯೆಂಬ ಭಾವನೆ ಬರುತ್ತದೆ. ೧೯೬೯ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಇದೇ ಹಾದಿಯಲ್ಲಿ ಯೂನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅದರ ಮಾದರಿಯನ್ನು ಅನುಸರಿಸಿ ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದನು. ಇಂದು ಪ್ರಪಂಚದ ಅತಿ ವೇಗದ ಐನೂರು ಗಣಕಯಂತ್ರಗಳ ಪಟ್ಟಿಯಲ್ಲಿರುವುವೆಲ್ಲ ಲಿನಕ್ಸಿನಿಂದಲೇ ನಡೆಯುತ್ತವೆ.

ಅಂಥ ಮಹಾಯಂತ್ರಗಳಲ್ಲೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ 'ಪರಮ್ ಪ್ರವೇಗ'ದ ಸಾಮರ್ಥ್ಯ ೩.೩ ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಅದು ಮಾಡಬಲ್ಲ ಲೆಕ್ಕಗಳ ಸಂಖ್ಯೆಯನ್ನು ಬರೆಯಬೇಕಾದರೆ ೩೩ರ ಮುಂದೆ ಹದಿನಾಲ್ಕು ಸೊನ್ನೆಗಳನ್ನು ಹಾಕಬೇಕು. ಸಂಶೋಧಕರು ಇಂಥ ಯಂತ್ರದ ಎದುರಿಗೆ ಕುಳಿತು ಕೆಲಸ ಮಾಡುವುದಿಲ್ಲ. ತಮ್ಮ ಕೋಣೆಯಿಂದಲೋ ಊರಿನಿಂದಲೋ ಅಂತರಜಾಲದ ಮೂಲಕ ಅದರ ಪ್ರವೇಶದ್ವಾರವನ್ನು ತಲಪಿ, ಹೆಸರು ಗುರುತುಗಳನ್ನು ತಿಳಿಸಿ, ಒಳಹೊಗುತ್ತಾರೆ. ಹೀಗೆ ಒಳಹೊಗುವುದಕ್ಕೆ ಲಾಗಿನ್ ಎಂದೂ, ಒಳಹೊಕ್ಕಂದಿನಿಂದ ಹೊರಬರುವವರೆಗಿನ ಅವಧಿಗೆ ಸೆಷನ್ ಎಂದೂ ಹೆಸರು. ಹಲವರಿಗೆ ಏಕಕಾಲದಲ್ಲಿ ಸೇವೆ ಸಲ್ಲಿಸುವ ಯಂತ್ರವೇ ಸರ್ವರ್.

ಒಬ್ಬನು ಒಳಬಂದೊಡನೆ ಲಿನಕ್ಸ್ ಮೂರು ಕೆಲಸಗಳನ್ನು ಮಾಡುತ್ತದೆ. ಅವನ ಆಜ್ಞೆಗಳನ್ನು ಕೇಳಿಸಿಕೊಳ್ಳಲು 'ಷೆಲ್' ಎಂಬ ಪರಿಚಾರಕನನ್ನು ನೇಮಿಸುತ್ತದೆ. ಅವನು ಒತ್ತಿದ ಅಕ್ಷರಗಳು ಬರುವುದಕ್ಕೂ ಯಂತ್ರದ ಉತ್ತರಗಳು ಹೋಗುವುದಕ್ಕೂ ಒಂದು ದಾರಿಯನ್ನು ತೆರೆದು ಅದಕ್ಕೊಂದು ಸಂಖ್ಯೆ ಕೊಡುತ್ತದೆ. ಕೊನೆಯದಾಗಿ, ಇಂಥವನು ಇಂಥ ವೇಳೆಗೆ ಇಂಥ ದಾರಿಯಿಂದ ಬಂದಿದ್ದಾನೆಂದು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಈ ಪುಸ್ತಕದ ಹೆಸರು ಯೂಟಿಎಂಪಿ. ಹೊರಡುವಾಗ ಅವನು ವಿಧಿಪೂರ್ವಕವಾಗಿ ವಿದಾಯ ಹೇಳಿದರೆ ಪರಿಚಾರಕನು ನಿವೃತ್ತನಾಗುತ್ತಾನೆ, ದಾರಿ ಮುಚ್ಚುತ್ತದೆ, ಹಾಜರಿಯಲ್ಲಿ ಹೆಸರು ಅಳಿಯುತ್ತದೆ. ಹೇಳದೆ ಹೋದರೆ ಈ ಮೂರೂ ಉಳಿಯಬಹುದು, ಇಲ್ಲವೇ ಮೂರರಲ್ಲಿ ಒಂದೋ ಎರಡೋ ಉಳಿಯಬಹುದು.

ಹೇಳದೆ ಹೋಗುವುದೆಂದರೇನು? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಯೂನಿಕ್ಸ್ ಹುಟ್ಟಿದ ಕಾಲದಲ್ಲಿ ಜನರು ಯಂತ್ರದೊಡನೆ ಮಾತನಾಡುತ್ತಿದ್ದುದು ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರದ ಮೂಲಕ. ಲಿನಕ್ಸಿನಲ್ಲಿ ಇಂದಿಗೂ ದಾರಿಗಳನ್ನು ಟಿಟಿವೈ ಎಂಬ ಹ್ರಸ್ವ ರೂಪದಿಂದ ಕರೆಯುವುದು ಆ ನೆನಪಿನಿಂದಲೇ. ದೂರದಲ್ಲಿದ್ದವರ ಟೆಲಿಟೈಪು ಟೆಲಿಫೋನ್ ತಂತಿಯಿಂದ ಯಂತ್ರವನ್ನು ಮುಟ್ಟುತ್ತಿತ್ತು. ಅತ್ತಲಿನವರು ಫೋನನ್ನು ಕೆಳಗಿಟ್ಟರೆ ತಂತಿಯಲ್ಲಿ ಹರಿಯುತ್ತಿದ್ದ ಸಂಕೇತವೇ ನಿಂತುಹೋಗುತ್ತಿತ್ತು. ಯಂತ್ರಕ್ಕೆ ಅದು ಕೂಡಲೇ ತಿಳಿಯುತ್ತಿತ್ತು. ಆಗ ಅದು ಆ ಸೆಷನ್ನಿನ ಕೆಲಸಗಳಿಗೆಲ್ಲ 'ಹಪ್' ಎಂಬ ಸೂಚನೆಯನ್ನು ಕಳುಹುತ್ತಿತ್ತು. ಫೋನ್ ಕೆಳಗಿಟ್ಟರು, ಇನ್ನು ಹೊರಡಿ ಎಂಬುದೇ ಅದರ ಅರ್ಥ.

ಅಂತರಜಾಲದಲ್ಲಿ ಹಾಗೆ ಸದಾ ಮಿಡಿಯುವ ತಂತಿಯಿಲ್ಲ. ಅಲ್ಲಿ ಸಂದೇಶಗಳು ಪುಟ್ಟ ಪೊಟ್ಟಣಗಳಾಗಿ ಬೇಕಾದಾಗ ಮಾತ್ರ ಹೊರಡುತ್ತವೆ. ಎರಡು ಕಡೆಯವರೂ ಸುಮ್ಮನಿದ್ದರೆ ನಡುವೆ ಏನೂ ಹರಿಯುವುದಿಲ್ಲ. ಸಂಬಂಧ ಮಾತ್ರ ಇದೆಯೆಂದೇ ಇಬ್ಬರೂ ನಂಬಿರುತ್ತಾರೆ. ಈ ಏರ್ಪಾಡಿನಲ್ಲಿ ಮಿತವ್ಯಯವೇನೋ ಉಂಟು. ಆದರೆ ಮೌನವಾಗಿರುವವನಿಗೂ ಇಲ್ಲವಾದವನಿಗೂ ಇರುವ ವ್ಯತ್ಯಾಸವನ್ನು ಸರ್ವರು ಅರಿಯದಂತಾಯಿತು.

ಒಂದು ನಿದರ್ಶನ ನೋಡೋಣ. ಸಾಲಿಗ್ರಾಮದ ತನ್ನ ಮನೆಯಲ್ಲಿ ಕುಳಿತ ಸಂಶೋಧಕಿಯೊಬ್ಬಳು ಬೆಂಗಳೂರಿನ ಸರ್ವರೊಂದಕ್ಕೆ ಲಾಗಿನ್ ಆಗಿದ್ದಾಳೆಂದು ಎಣಿಸಿಕೊಳ್ಳಿ. ಮಳೆಗಾಲದ ಸಂಜೆ, ಗಾಳಿಗೆ ಕೊಂಬೆ ಬಿದ್ದು ಕರೆಂಟು ಹೋಯಿತು. ಮೇಜಿನ ಮೇಲಿನ ಗಣಕಯಂತ್ರವೂ ಜಾಲದ ಪೆಟ್ಟಿಗೆಯೂ ಒಮ್ಮೆಗೇ ಆರಿದುವು. 'ಹೋಗಿಬರುತ್ತೇನೆ' ಎಂಬ ಪೊಟ್ಟಣವನ್ನು ಕಳುಹಲು ಅವಕ್ಕೆ ವ್ಯವಧಾನವೇ ಸಿಗಲಿಲ್ಲ. ಬೆಂಗಳೂರಿನ ಸರ್ವರಾದರೋ ಆಕೆ ಆಲೋಚನೆಯಲ್ಲಿ ಮುಳುಗಿದ್ದಾಳೆಂದು ಭಾವಿಸಿ ಕಾದೇ ಕಾದಿತು. ಲಿನಕ್ಸಿನ ಜಾಲವಿಭಾಗವು ತಾನಾಗಿ ಒಮ್ಮೆ ಕೂಗಿ ನೋಡುವ ಪದ್ಧತಿಯೊಂದುಂಟು. ಆದರೆ ಬೇರೆ ಏರ್ಪಾಡು ಮಾಡದಿದ್ದರೆ ಆ ಮೊದಲ ಕೂಗು ಹೊರಡುವುದು ೭೨೦೦ ಸೆಕೆಂಡುಗಳ, ಎಂದರೆ ಎರಡು ಗಂಟೆಗಳ ಮೌನದ ನಂತರ. ಉತ್ತರ ಬಾರದಿದ್ದರೆ ೭೫ ಸೆಕೆಂಡಿಗೊಮ್ಮೆಯಂತೆ ಒಟ್ಟು ಒಂಬತ್ತು ಸಲ ಕೂಗಿ, ಇನ್ನೂ ಹನ್ನೊಂದು ನಿಮಿಷಗಳನ್ನು ಕಳೆದು, ಆಮೇಲೆ ಅದು ಸಂಬಂಧವನ್ನು ಕಡಿದುಕೊಳ್ಳುತ್ತದೆ. ಅಷ್ಟರೊಳಗೆ ಕರೆಂಟು ಬಂದು ಆಕೆ ಮತ್ತೆ ಲಾಗಿನ್ ಆಗಿದ್ದರೆ ಹಾಜರಿಯಲ್ಲಿ ಒಬ್ಬಳೇ ಇಬ್ಬರಾಗಿ ಕಾಣಿಸುತ್ತಾಳೆ.

ಸಂಬಂಧವು ಸತ್ತು ಉಳಿದ ಸೆಷನ್ ಇದು. ಇದಕ್ಕಿಂತ ದೀರ್ಘಾಯುವಾದ ಬೇರೊಂದು ಬಗೆಯುಂಟು. ಅದರಲ್ಲಿ ತಂತ್ರದ ದೋಷವೇನೂ ಇಲ್ಲ. ಬಳಸುವವನು ಕೋಣೆಯ ಯಂತ್ರವನ್ನು ಆರಿಸದೆ, ಸೆಷನ್ನನ್ನು ಮುಗಿಸದೆ ಊರಿಗೆ ಹೋಗಿರುತ್ತಾನೆ. ಸರ್ವರು ಕೂಗಿದಾಗಲೆಲ್ಲ ಅವನ ಯಂತ್ರವು ನಿಷ್ಠೆಯಿಂದ 'ಓ' ಎನ್ನುತ್ತಿರುತ್ತದೆ. ಇಂಥದು ವಾರಗಟ್ಟಲೆ ಉಳಿಯಬಲ್ಲದು. ಮೂರನೆಯದು ಬರಿಯ ನೆರಳು: ಸೆಷನ್ನಿನ ಪರಿಚಾರಕರೆಲ್ಲ ಹಠಾತ್ತಾಗಿ ಕೊನೆಗೊಂಡು, ಹಾಜರಿ ಪುಸ್ತಕದಿಂದ ಹೆಸರನ್ನು ಅಳಿಸುವವರಿಲ್ಲದೆ ಹೆಸರು ಮಾತ್ರ ಉಳಿದಿರುವಂಥದು. ಇದನ್ನು ಕೊಲ್ಲಲು ಅಲ್ಲಿ ಯಾರೂ ಇರುವುದಿಲ್ಲ.

ಹೆಸರು ಉಳಿದರೆ ಕೆಟ್ಟುದೇನು ಎಂದು ಕೇಳಬಹುದು. ಉಳಿದ ಸೆಷನ್ನು ಸ್ವಲ್ಪ ಸ್ಮೃತಿಕೋಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಬ್ಬನು ಇಷ್ಟೇ ಸಲ ಒಳಬರಬಹುದೆಂಬ ಮಿತಿಯಿದ್ದಲ್ಲಿ ಅವನನ್ನೇ ಹೊರಗೆ ನಿಲ್ಲಿಸುತ್ತದೆ. ಇವು ಸಣ್ಣ ತೊಂದರೆಗಳು. ದೊಡ್ಡ ಅಪಾಯವೆಂದರೆ, ಯಜಮಾನನಿಲ್ಲದ ಹೆಸರಿನಲ್ಲಿ ಬೇರೆಯವನು ಸಂಚರಿಸಿದರೆ ಕೇಳುವವರಿಲ್ಲ. ಇದಕ್ಕೆ ಸಾಕ್ಷಿಯಾಗಿ ಗಣಕಯಂತ್ರಗಳ ಚರಿತ್ರೆಯಲ್ಲಿ ಪ್ರಸಿದ್ಧವಾದ ಒಂದು ಪ್ರಸಂಗವಿದೆ.

೧೯೮೬ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಗಣಕಯಂತ್ರಗಳ ಉಸ್ತುವಾರಿಗೆ ನೇಮಕಗೊಂಡಿದ್ದನು. ಯಂತ್ರವನ್ನು ಬಳಸಿದ ಹೊತ್ತಿಗೆ ಪ್ರತಿಯೊಬ್ಬನಿಂದ ಹಣ ವಸೂಲು ಮಾಡುವ ಪದ್ಧತಿ ಅಲ್ಲಿತ್ತು. ಆ ತಿಂಗಳ ಲೆಕ್ಕದಲ್ಲಿ ೭೫ ಸೆಂಟುಗಳ ವ್ಯತ್ಯಾಸ ಬಂದಿತ್ತು. ಒಂದು ಡಾಲರಿಗೂ ಕಡಮೆಯಾದ ಆ ಮೊತ್ತವನ್ನು ಬೇರೊಬ್ಬರಾಗಿದ್ದರೆ ತಮ್ಮ ಜೇಬಿನಿಂದಲೇ ತುಂಬಿಬಿಡುತ್ತಿದ್ದರೇನೋ. ಸ್ಟಾಲ್ ಹಾಗೆ ಮಾಡಲಿಲ್ಲ. ಹುಡುಕುತ್ತ ಹೋದಂತೆ ಹಣ ಕೊಡಲು ವಿಳಾಸವೇ ಇಲ್ಲದ ಒಂದು ಖಾತೆ ಕಾಣಿಸಿತು. ಅದರ ಬೆನ್ನಿಗೆ, ಕೆಲಸ ಬಿಟ್ಟು ಬೇರೆ ದೇಶಕ್ಕೆ ತೆರಳಿದ್ದ ಒಬ್ಬನ ಹೆಸರಿನಲ್ಲಿ ಯಾರೋ ಬಂದು ಹೋಗುತ್ತಿರುವುದು ಬೆಳಕಿಗೆ ಬಂತು. ಎಲ್ಲರಿಗೂ ಪರಿಚಿತವಾದ ಹೆಸರಾದುದರಿಂದ ಹಾಜರಿಯಲ್ಲಿ ಅದನ್ನು ಕಂಡವರಾರೂ ಸಂಶಯಪಟ್ಟಿರಲಿಲ್ಲ.

ಆ ಸೆಷನ್ನನ್ನು ಅಲ್ಲಿಯೇ ಕಡಿದುಹಾಕುವುದು ಸ್ಟಾಲನಿಗೆ ಕಷ್ಟವಾಗಿರಲಿಲ್ಲ. ಆದರೆ ಕಡಿದರೆ ಕಳ್ಳನು ಬೇರೆ ಬಾಗಿಲನ್ನು ಹುಡುಕುತ್ತಾನೆ, ತಾನು ಯಾರೆಂಬುದನ್ನು ಮಾತ್ರ ತಿಳಿಸುವುದಿಲ್ಲ. ಆದುದರಿಂದ ಅವನು ಒಂದು ವಾರಾಂತ್ಯದಲ್ಲಿ ಪ್ರಯೋಗಾಲಯದ ಮುದ್ರಣಯಂತ್ರಗಳನ್ನೂ ಟೆಲಿಟೈಪುಗಳನ್ನೂ ಸಿಕ್ಕಲ್ಲಿಂದ ಎಳೆದು ತಂದು ಹೊರಗಿನಿಂದ ಬರುವ ದಾರಿಗಳಿಗೆ ಜೋಡಿಸಿ, ಬಂದವನು ಒತ್ತುವ ಒಂದೊಂದು ಅಕ್ಷರವೂ ಕಾಗದದ ಮೇಲೆ ಬೀಳುವಂತೆ ಮಾಡಿದನು. ಬಂದವನೂ ಜಾಣನೇ. ಒಳಹೊಕ್ಕು ಮೊದಲಿಗೆ ಯಾರು ಯಾರು ಇದ್ದಾರೆಂದು ನೋಡಿಕೊಳ್ಳುತ್ತಿದ್ದನು. ಉಸ್ತುವಾರಿಯವರು ಇದ್ದರೆ ಜಾಗ ಖಾಲಿಮಾಡುತ್ತಿದ್ದನು. ಹಾಜರಿ ಪುಸ್ತಕವು ಕಾವಲುಗಾರನಿಗೆ ಎಷ್ಟು ಉಪಯುಕ್ತವೋ ಕಳ್ಳನಿಗೂ ಅಷ್ಟೇ ಉಪಯುಕ್ತ. ಅವನು ಈ ಯಂತ್ರದಿಂದ ಸೈನ್ಯದ ಯಂತ್ರಗಳಿಗೆ ದಾರಿ ಹುಡುಕುತ್ತಿದ್ದಾನೆಂಬುದು ಕಾಗದಗಳಿಂದ ತಿಳಿಯಿತು. ಟೆಲಿಫೋನಿನ ಜಾಡು ಹಿಡಿಯುವಷ್ಟು ಹೊತ್ತು ಅವನನ್ನು ತಡೆದಿರಿಸಲು ಸ್ಟಾಲ್ ಸುಳ್ಳು ಕಡತಗಳನ್ನು ಬರೆದು ಆಸೆ ತೋರಿಸಬೇಕಾಯಿತು. ಸುಮಾರು ಒಂದು ವರ್ಷದ ಬೇಟೆಯ ಕೊನೆಗೆ ಆ ಜಾಡು ಜರ್ಮನಿಯ ಹ್ಯಾನೋವರ್ ನಗರವನ್ನು ಮುಟ್ಟಿತು. ಕದ್ದ ವಿಷಯಗಳನ್ನು ಸೋವಿಯೆತ್ ಗೂಢಚಾರ ಸಂಸ್ಥೆಗೆ ಮಾರಲಾಗಿತ್ತು. ೧೯೯೦ರಲ್ಲಿ ಅಲ್ಲಿನ ನ್ಯಾಯಾಲಯವು ಅಪರಾಧಿಗಳಿಗೆ ಶಿಕ್ಷೆ ವಿಧಿಸಿತು.

ಉಸ್ತುವಾರಿಯವನು ಉಳಿದ ಸೆಷನ್ನುಗಳನ್ನು ಕಂಡುಹಿಡಿಯುವ ಬಗೆಯನ್ನು ಇನ್ನು ನೋಡೋಣ. ಲಿನಕ್ಸಿನ ಅತ್ಯಂತ ಹಳೆಯ ಆಜ್ಞೆಗಳಲ್ಲಿ 'ಹೂ' ಎಂಬುದೊಂದು. ಕನ್ನಡದ ಕಿವಿಗೆ ಇದು ಮಲ್ಲಿಗೆ ಸಂಪಿಗೆಗಳನ್ನು ನೆನಪಿಗೆ ತರುತ್ತದೆ. ಇಂಗ್ಲಿಷಿನಲ್ಲಿ 'ಯಾರು' ಎಂದು ಇದರ ಅರ್ಥ. ಯಾರು ಯಾರು ಒಳಗಿದ್ದಾರೆ, ಯಾವ ದಾರಿಯಿಂದ ಯಾವಾಗ ಬಂದರು ಎಂಬುದನ್ನು ಅದು ತಿಳಿಸುತ್ತದೆ. 'ಡಬ್ಲ್ಯೂ' ಎಂಬ ಒಂದೇ ಅಕ್ಷರದ ಆಜ್ಞೆ ಇನ್ನೂ ಹೆಚ್ಚಿನದನ್ನು ಹೇಳುತ್ತದೆ: ಆ ದಾರಿಯಲ್ಲಿ ಕೊನೆಯ ಅಕ್ಷರ ಬಂದು ಎಷ್ಟು ಹೊತ್ತಾಯಿತು, ಮತ್ತು ಅಲ್ಲಿ ಈಗ ನಡೆದಿರುವ ಕೆಲಸ ಯಾವುದು. ಇತ್ತೀಚಿನ ಲಿನಕ್ಸ್ ವ್ಯವಸ್ಥೆಗಳಲ್ಲಿ 'ಲಾಗಿನ್‌ಡಿ' ಎಂಬ ಮೇಲ್ವಿಚಾರಕನು ತನ್ನದೇ ಆದ ಹಾಜರಿಯನ್ನಿಟ್ಟುಕೊಂಡು ಪ್ರತಿಯೊಂದು ಸೆಷನ್ನಿಗೂ ಒಂದು ಸಂಖ್ಯೆ ಕೊಟ್ಟಿರುತ್ತಾನೆ. 'ಲಾಗಿನ್‌ಸಿಟಿಎಲ್' ಎಂಬ ಆಜ್ಞೆಯಿಂದ ಆ ಪಟ್ಟಿಯನ್ನು ಪಡೆಯಬಹುದು. ಹಳೆಯ ಯೂಟಿಎಂಪಿ ಪುಸ್ತಕದಲ್ಲಿ ಕಾಲವನ್ನು ಬರೆಯುವ ಕೋಣೆಯು ೨೦೩೮ರ ಜನವರಿ ೧೯ಕ್ಕೆ ತುಂಬಿಹೋಗುವಷ್ಟು ಕಿರಿದಾಗಿರುವುದರಿಂದ ಕೆಲವು ವಿತರಣೆಗಳು ಅದನ್ನು ಕೈಬಿಟ್ಟು ಈ ಹೊಸ ಹಾಜರಿಯನ್ನೇ ನೆಚ್ಚಿಕೊಳ್ಳತೊಡಗಿವೆ.

ಪಟ್ಟಿಯನ್ನು ಪಡೆಯುವುದು ಸುಲಭ. ಓದುವುದು ಅಷ್ಟು ಸುಲಭವಲ್ಲ. ಡಬ್ಲ್ಯೂ ಆಜ್ಞೆಯ ಉತ್ತರದಲ್ಲಿ ಮೂರು ಹೆಸರುಗಳಿವೆಯೆಂದು ಇಟ್ಟುಕೊಳ್ಳೋಣ. ಒಬ್ಬನು ಅಕ್ಷರ ಒತ್ತಿ ಮೂರು ದಿನಗಳಾಗಿವೆ. ಅವನ ಎದುರಿಗೆ ಷೆಲ್ ಎಂಬ ಪರಿಚಾರಕನು ಮಾತ್ರ ಆಜ್ಞೆಗಾಗಿ ಬಾಯಿ ನೋಡುತ್ತ ನಿಂತಿದ್ದಾನೆ. ಇನ್ನೊಬ್ಬನು ಸುಮ್ಮನಾಗಿ ಒಂಬತ್ತು ಗಂಟೆಗಳಾಗಿವೆ. ಆದರೆ ಅವನ ಸೆಷನ್ನಿನಲ್ಲಿ ಮುಂಗಾರು ಮಳೆಯ ಲೆಕ್ಕವೊಂದು ನಡೆಯುತ್ತಿದೆ. ಮತ್ತೊಬ್ಬಳು ಎರಡು ಗಂಟೆಗಳಿಂದ ಮೌನ. ಅವಳು 'ವಿಮ್' ಎಂಬ ಬರವಣಿಗೆಯ ಸಾಧನದಲ್ಲಿ ಏನನ್ನೋ ಬರೆಯುತ್ತಿದ್ದಳು. ಮೂವರೂ ನಿಷ್ಕ್ರಿಯರೆಂದೇ ಯಂತ್ರ ಹೇಳುತ್ತದೆ. ಯಂತ್ರದ ದೃಷ್ಟಿಯಲ್ಲಿ ನಿಷ್ಕ್ರಿಯನೆಂದರೆ ಅಕ್ಷರ ಒತ್ತದವನು, ಅಷ್ಟೇ. ಒಂಬತ್ತು ಗಂಟೆಗಳಿಂದ ಲಕ್ಷಾಂತರ ಗುಣಾಕಾರಗಳನ್ನು ಮಾಡಿಸುತ್ತಿರುವವನೂ ಅದರ ಎಣಿಕೆಯಲ್ಲಿ ಸುಮ್ಮನೆ ಕುಳಿತವನೇ.

ನಾಲೆಯ ನೀರನ್ನು ಸರದಿಯ ಮೇಲೆ ಗದ್ದೆಗಳಿಗೆ ಬಿಡುವ ನೀರುಗಂಟಿಯನ್ನು ಇಲ್ಲಿ ನೆನೆಯಬಹುದು. ರಾತ್ರಿಯಲ್ಲಿ ಏರಿಯ ಮೇಲೆ ಬರುವಾಗ ತೂಬೊಂದು ತೆರೆದಿರುವುದು ಕಾಣುತ್ತದೆ. ಬದುವಿನ ಮೇಲೆ ರೈತನಿಲ್ಲ. ಅನುಭವಿಯಾದವನು ಅಷ್ಟರಿಂದಲೇ ತೂಬನ್ನು ಮುಚ್ಚುವುದಿಲ್ಲ. ಲಾಂದ್ರವನ್ನೋ ಬ್ಯಾಟರಿಯನ್ನೋ ಹಿಡಿದು ಗದ್ದೆಗಿಳಿಯುತ್ತಾನೆ. ನೀರು ಕೊನೆಯ ಮಡಿಯನ್ನು ಮುಟ್ಟಿ ಬದು ಮೀರಿ ಹೋಗುತ್ತಿದ್ದರೆ ರೈತನು ಮರೆತು ಮಲಗಿದ್ದಾನೆಂದು ಅರ್ಥ. ನೀರು ಇನ್ನೂ ಅರ್ಧ ಗದ್ದೆಯಲ್ಲಿದ್ದರೆ ತುಂಬಲಿಕ್ಕೆಂದೇ ಬಿಟ್ಟು ಹೋಗಿದ್ದಾನೆ. ತೂಬಿನ ಬಳಿ ಮನುಷ್ಯನಿಲ್ಲವೆಂಬ ಒಂದೇ ಸಂಗತಿ ಎರಡಕ್ಕೂ ಸಮಾನ. ವ್ಯತ್ಯಾಸ ತಿಳಿಯುವುದು ಗದ್ದೆಯಲ್ಲಿ.

ಲಿನಕ್ಸಿನಲ್ಲಿ ಗದ್ದೆಗಿಳಿದು ನೋಡುವ ಸಾಧನ 'ಪಿಎಸ್' ಎಂಬ ಆಜ್ಞೆ. ಒಂದು ದಾರಿಯ ಸಂಖ್ಯೆಯನ್ನು ಕೊಟ್ಟರೆ ಆ ದಾರಿಗೆ ಸೇರಿದ ಎಲ್ಲ ಕೆಲಸಗಳನ್ನೂ, ಒಂದೊಂದು ಇದುವರೆಗೆ ಯಂತ್ರದ ಎಷ್ಟು ಕಾಲವನ್ನು ಬಳಸಿದೆ ಎಂಬುದನ್ನೂ ಅದು ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಇದೇ ಆಜ್ಞೆಯನ್ನು ಮತ್ತೊಮ್ಮೆ ಕೊಡಬೇಕು. ಬಳಸಿದ ಕಾಲ ಬೆಳೆದಿದ್ದರೆ ಅಲ್ಲಿ ದುಡಿಮೆ ನಡೆದಿದೆ. ಬೆಳೆಯದಿದ್ದರೂ ಕೆಲಸ ಸತ್ತಿದೆಯೆಂದು ಆತುರಪಡಬಾರದು. ಅದು ದೊಡ್ಡ ಕಡತವೊಂದು ಬರುವುದಕ್ಕಾಗಿ ಕಾದಿರಬಹುದು. ಸಂಶಯ ಉಳಿದರೆ ಆ ಮನುಷ್ಯನನ್ನೇ ಕೇಳುವುದು ಮೇಲು. ಅದಕ್ಕೆ 'ರೈಟ್' ಎಂಬ ಆಜ್ಞೆಯಿದೆ. ಅವನ ಪರದೆಯ ಮೇಲೆ ನಮ್ಮ ಪ್ರಶ್ನೆಯನ್ನು ಬರೆದು ನಿಲ್ಲಿಸುತ್ತದೆ. ಹಾಗೆಂದು ಊರಿಗೆ ಹೋದವನ ಖಾಲಿ ಕೋಣೆಯಲ್ಲಿ ಅದನ್ನು ಓದುವವರಾರು? ಫೋನು ಮಾಡುವುದೇ ಎಷ್ಟೋ ಸಲ ಒಳ್ಳೆಯ ತಂತ್ರಜ್ಞಾನ.

ಸೆಷನ್ನನ್ನು ಮುಗಿಸುವ ಅಧಿಕಾರವು ಅದರ ಒಡೆಯನಿಗೂ 'ರೂಟ್' ಎಂಬ ಮಹಾಧಿಕಾರಿಗೂ ಮಾತ್ರ ಉಂಟು. ಮುಗಿಸುವ ಆಜ್ಞೆಯ ಹೆಸರು 'ಕಿಲ್'. ಕೊಲ್ಲು ಎಂಬರ್ಥದ ಈ ಹೆಸರು ಅದಕ್ಕೆ ಒಪ್ಪುವುದಿಲ್ಲವೆಂದೇ ಹೇಳಬೇಕು. ನಿಜದಲ್ಲಿ ಅದು ಕೆಲಸವೊಂದಕ್ಕೆ ಸೂಚನೆಯನ್ನು ಮುಟ್ಟಿಸುವ ಜವಾನ ಮಾತ್ರ. ಸೂಚನೆಗಳಲ್ಲಿ ತರತಮವುಂಟು. ಟೆಲಿಫೋನಿನ ಕಾಲದಿಂದ ಬಂದ 'ಹಪ್' ಸೂಚನೆಯ ಸಂಖ್ಯೆ ೧. 'ಟರ್ಮ್' ಎಂಬ ಸೂಚನೆಯ ಸಂಖ್ಯೆ ೧೫. ಅದು ದಯವಿಟ್ಟು ಮುಗಿಸಿರಿ ಎನ್ನುತ್ತದೆ. ಈ ಎರಡನ್ನೂ ಪಡೆದ ಕೆಲಸವು ತನ್ನ ಸಾಮಾನುಗಳನ್ನು ಅಣಿಮಾಡಿಕೊಂಡು ಹೊರಡಬಹುದು. ಸಂಖ್ಯೆ ೯ರ ಸೂಚನೆಯೇ ಬೇರೆ. ಅದನ್ನು ಕೆಲಸಕ್ಕೆ ಮುಟ್ಟಿಸುವುದೇ ಇಲ್ಲ. ವ್ಯವಸ್ಥೆಯ ತಿರುಳೇ ಆ ಕೆಲಸವನ್ನು ಇದ್ದಲ್ಲಿ ಇದ್ದಂತೆ ಕಿತ್ತುಹಾಕುತ್ತದೆ.

ನಮ್ಮ ಮೂವರಲ್ಲಿ ಮೊದಲನೆಯವನ ಬಗ್ಗೆ ಚರ್ಚೆಯಿಲ್ಲ. ಅವನ ಷೆಲ್ಲಿಗೆ ಹಪ್ ಸೂಚನೆಯನ್ನು ಕಳುಹಿದರಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಮನುಷ್ಯನ ಆಜ್ಞೆಗಾಗಿ ಕಾದಿರುವ ಬ್ಯಾಷ್ ಎಂಬ ಷೆಲ್ಲು ಟರ್ಮ್ ಸೂಚನೆಯನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇದನ್ನರಿಯದವರು, ಮರ್ಯಾದೆಯಿಂದ ಕೇಳಿದರೂ ಇದು ಜಗ್ಗಲಿಲ್ಲವೆಂದು ನೇರವಾಗಿ ೯ಕ್ಕೆ ಕೈಹಾಕುತ್ತಾರೆ. ಫೋನು ಕೆಳಗಿಟ್ಟರೆಂಬ ೧ನ್ನು ಹೇಳಿದ್ದರೆ ಅದು ತನ್ನ ಕೈಕೆಳಗಿನವರಿಗೂ ಅದನ್ನೇ ತಿಳಿಸಿ ಮರುಮಾತಿಲ್ಲದೆ ಹೊರಡುತ್ತಿತ್ತು.

ಬರೆಯುತ್ತಿದ್ದವಳ ವಿಷಯದಲ್ಲಿ ಈ ಭೇದವು ಇನ್ನೂ ಮುಖ್ಯ. ಸಾಧ್ಯವಿದ್ದರೆ ಅವಳನ್ನು ಕೇಳುವವರೆಗೆ ಅದನ್ನು ಮುಟ್ಟದಿರುವುದೇ ಸರಿ. ಯಂತ್ರವನ್ನು ದುರಸ್ತಿಗೆ ನಿಲ್ಲಿಸಬೇಕಾಗಿ ಬಂದು, ಮುಗಿಸಲೇಬೇಕಾದರೆ ಹಪ್ ಸೂಚನೆಯನ್ನು ಕೊಡಬೇಕು. ವಿಮ್ ಅದನ್ನು ಕೇಳಿದೊಡನೆ, ಉಳಿಸದೆ ಇದ್ದ ಬರಹವನ್ನು ಒಂದು ಬದಲಿ ಕಡತಕ್ಕೆ ಇಳಿಸಿ ಆಮೇಲೆ ಕೊನೆಗೊಳ್ಳುತ್ತದೆ. ಅವಳು ಮರಳಿ ಬಂದಾಗ ಅದರಿಂದ ತನ್ನ ಬರಹವನ್ನು ಎತ್ತಿಕೊಳ್ಳಬಹುದು. ೯ನ್ನು ಪ್ರಯೋಗಿಸಿದರೆ ಕೊನೆಯದಾಗಿ ಬರೆದುದು ಹೋದೀತು.

ಮಳೆಯ ಲೆಕ್ಕ ಮಾಡಿಸುತ್ತಿರುವವನನ್ನು ಮಾತ್ರ ಅವನನ್ನು ಕೇಳದೆ ಮುಟ್ಟತಕ್ಕದ್ದಲ್ಲ. ಅವನು ತಿಳಿದವನಾಗಿದ್ದರೆ ಲೆಕ್ಕವನ್ನು 'ನೋಹಪ್' ಎಂಬ ಆಜ್ಞೆಯ ರಕ್ಷಣೆಯಲ್ಲಿ ಆರಂಭಿಸಿರುತ್ತಾನೆ. ಆಗ ಸೆಷನ್ ಹೋದರೂ ಲೆಕ್ಕ ಉಳಿಯುತ್ತದೆ. 'ಸ್ಕ್ರೀನ್' ಅಥವಾ 'ಟಿಮಕ್ಸ್' ಎಂಬ ಸಾಧನಗಳನ್ನು ಬಳಸಿದ್ದರೆ ಸೆಷನ್ನಿನಿಂದ ಕಳಚಿಕೊಂಡು ಹೋಗಿ, ಮತ್ತೊಂದು ದಿನ ಬಂದು ಅದೇ ಸ್ಥಳದಲ್ಲಿ ಕುಳಿತುಕೊಳ್ಳಬಹುದು. ಪರಮ್ ಪ್ರವೇಗದಂಥ ಮಹಾಯಂತ್ರಗಳಲ್ಲಿ ಈ ಚಿಂತೆ ಕಡಮೆ. ಅಲ್ಲಿ ಸಂಶೋಧಕರು ತಮ್ಮ ಲೆಕ್ಕವನ್ನು ಸರದಿಯ ವ್ಯವಸ್ಥಾಪಕನಿಗೆ ಒಪ್ಪಿಸಿಬಿಡುತ್ತಾರೆ. ಅವರು ಹೊರಟುಹೋದರೂ ಸರದಿ ಬಂದಾಗ ಲೆಕ್ಕ ನಡೆಯುತ್ತದೆ.

ಸೆಷನ್ ಮುಗಿದರೆ ಅದರಲ್ಲಿ ಹುಟ್ಟಿದ ಕೆಲಸವೂ ಮುಗಿಯಬೇಕೇ ಎಂಬ ಪ್ರಶ್ನೆಯು ಲಿನಕ್ಸ್ ಲೋಕದಲ್ಲಿ ದೊಡ್ಡ ವಾದವನ್ನೇ ಎಬ್ಬಿಸಿದೆ. ೨೦೧೬ರಲ್ಲಿ 'ಸಿಸ್ಟಂಡಿ' ಎಂಬ ವ್ಯವಸ್ಥಾಪಕದ ೨೩೦ನೆಯ ಆವೃತ್ತಿ ಹೊರಬಂದಾಗ, ಬಳಸುವವನು ಹೊರಟೊಡನೆ ಅವನ ಎಲ್ಲ ಕೆಲಸಗಳನ್ನೂ ಕೊನೆಗೊಳಿಸುವುದೇ ಸಾಮಾನ್ಯ ನಿಯಮವೆಂದು ಮಾಡಲಾಯಿತು. ಹಾಗೆ ಮಾಡಿದವರ ವಾದವೂ ಹುರುಳಿಲ್ಲದುದಲ್ಲ: ಹೊರಟವನ ಹಿಂದೆ ಅವನ ಆಳುಕಾಳುಗಳು ಉಳಿಯುವುದು ಕ್ಷೇಮವಲ್ಲ. ಆದರೆ ಸ್ಕ್ರೀನ್ ಮತ್ತು ಟಿಮಕ್ಸ್‌ಗಳನ್ನು ನಂಬಿ ರಾತ್ರಿಯಿಡೀ ಕೆಲಸ ನಡೆಸುತ್ತಿದ್ದವರು ಪ್ರತಿಭಟಿಸಿದರು. ಡೆಬಿಯನ್ ಮೊದಲಾದ ವಿತರಣೆಗಳು ತಮ್ಮಲ್ಲಿ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡವು. ಹಲವು ದಶಕಗಳಿಂದ ಜನರು ನೆಚ್ಚಿಕೊಂಡ ನಡವಳಿಕೆಯನ್ನು ಅವರಿಗರಿವಿಲ್ಲದೆ ಬದಲಾಯಿಸುವುದಕ್ಕಿಂತ, ಬೇಕಾದವರು ಆ ನಿಯಮವನ್ನು ತಾವೇ ಹಾಕಿಕೊಳ್ಳಲೆಂದು ಬಿಡುವುದೇ ಯೋಗ್ಯವೆಂದು ತೋರುತ್ತದೆ.

ಪ್ರತಿದಿನ ಒಬ್ಬನು ಕುಳಿತು ಹೆಸರುಗಳನ್ನು ಪರೀಕ್ಷಿಸುವುದು ಆಗದ ಮಾತು. ಅದಕ್ಕಾಗಿ ಎರಡು ಏರ್ಪಾಡುಗಳಿವೆ. ಲಾಗಿನ್ನನ್ನು ನೋಡಿಕೊಳ್ಳುವ ಎಸ್‌ಎಸ್‌ಎಚ್ ಸೇವೆಯಲ್ಲಿ 'ಕ್ಲೈಂಟ್ ಅಲೈವ್ ಇಂಟರ್ವಲ್' ಎಂಬ ನಿಯಮವನ್ನು ೩೦೦ ಸೆಕೆಂಡುಗಳಿಗೆ ಇರಿಸಿ, ಮೂರು ಕೂಗಿಗೆ ಉತ್ತರವಿಲ್ಲದಿದ್ದರೆ ಬಿಡತಕ್ಕದ್ದೆಂದು ವಿಧಿಸಿದರೆ, ಕರೆಂಟು ಹೋದವರ ಸೆಷನ್ನು ಎರಡು ಗಂಟೆಗಳ ಬದಲು ಸುಮಾರು ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಇದು ಸತ್ತ ಸಂಬಂಧಕ್ಕೆ ಮದ್ದು. ಬಾಗಿಲು ತೆರೆದಿಟ್ಟು ಊರಿಗೆ ಹೋದವನಿಗಲ್ಲ, ಅವನ ಯಂತ್ರವು ಓಗೊಡುತ್ತಲೇ ಇರುತ್ತದಲ್ಲ. ಅಂಥವನಿಗಾಗಿ ಷೆಲ್ಲಿನಲ್ಲಿ 'ಟಿಎಂಔಟ್' ಎಂಬ ಗಡಿಯಾರವಿದೆ. ಇಂತಿಷ್ಟು ಹೊತ್ತು ಯಾವ ಆಜ್ಞೆಯೂ ಬಾರದಿದ್ದರೆ ಷೆಲ್ ತಾನಾಗಿ ಮುಗಿಯುತ್ತದೆ. ಇದರ ರಚನೆಯ ಸೊಗಸೇನೆಂದರೆ, ಷೆಲ್ಲು ಆಜ್ಞೆಗಾಗಿ ಕಾದು ನಿಂತಾಗ ಮಾತ್ರ ಈ ಗಡಿಯಾರ ಓಡುತ್ತದೆ. ಲೆಕ್ಕವೊಂದು ನಡೆಯುತ್ತಿರುವಾಗ, ಅದು ಎಷ್ಟು ದಿನಗಳನ್ನೇ ತೆಗೆದುಕೊಳ್ಳಲಿ, ಗಡಿಯಾರವು ಕದಲುವುದಿಲ್ಲ.

ಯಾವ ಸೂಚನೆಗೂ ಜಗ್ಗದ ಕೆಲಸವೊಂದು ಅಪರೂಪಕ್ಕೆ ಎದುರಾಗುವುದುಂಟು. ದೂರದ ಉಗ್ರಾಣಯಂತ್ರದಿಂದ ಕಡತವನ್ನು ಬೇಡಿ, ಆ ಯಂತ್ರವೇ ಕೆಟ್ಟು ನಿಂತು, ನಡುವೆ ಸಿಕ್ಕಿಕೊಂಡ ಕೆಲಸ ಅದು. ಪಿಎಸ್ ಆಜ್ಞೆಯ ಉತ್ತರದಲ್ಲಿ ಅದರ ಮುಂದೆ 'ಡಿ' ಎಂಬ ಅಕ್ಷರ ಕಾಣುತ್ತದೆ. ಎಷ್ಟೋ ವೇಳೆ ೯ನೆಯ ಸೂಚನೆಯೂ ಅದನ್ನು ಅಲುಗಿಸಲಾರದು. ಉಗ್ರಾಣವನ್ನು ಸರಿಪಡಿಸುವುದೊಂದೇ ದಾರಿ. ಮುಗಿಸುವ ಮುನ್ನ 'ಟಿಟಿವೈ' ಎಂಬ ಆಜ್ಞೆಯಿಂದ ತನ್ನದೇ ದಾರಿಯ ಸಂಖ್ಯೆಯನ್ನು ಅರಿತಿರುವುದು ಒಳ್ಳೆಯದು. ದೂರದಿಂದ ಲಾಗಿನ್ ಆಗಿರುವ ಉಸ್ತುವಾರಿಯವನು ತಾನು ಕುಳಿತ ಕೊಂಬೆಯನ್ನೇ ಕಡಿದುಕೊಳ್ಳುವುದು ಈ ಉದ್ಯೋಗದಲ್ಲಿ ಹೊಸತಲ್ಲ.

ಮುಗಿಸಿದ ಮೇಲೆ ಡಬ್ಲ್ಯೂ ಆಜ್ಞೆಯನ್ನು ಮತ್ತೊಮ್ಮೆ ಕೊಟ್ಟರೆ ಆ ಹೆಸರು ಪಟ್ಟಿಯಿಂದ ಮಾಯವಾಗಿರುತ್ತದೆ. ಲಿನಕ್ಸ್ ಅದನ್ನು ಅಷ್ಟಕ್ಕೇ ಮರೆಯುವುದಿಲ್ಲ. ಬಂದವರನ್ನೂ ಹೋದವರನ್ನೂ ಬರೆದಿಡುವ ಡಬ್ಲ್ಯೂಟಿಎಂಪಿ ಎಂಬ ಇನ್ನೊಂದು ಪುಸ್ತಕವಿದ್ದು, 'ಲಾಸ್ಟ್' ಎಂಬ ಆಜ್ಞೆಯು ಅದನ್ನು ತೆರೆದು ತೋರಿಸುತ್ತದೆ. ಅಲ್ಲಿ ಬಹುಪಾಲು ಹೆಸರುಗಳ ಮುಂದೆ ಬಂದ ವೇಳೆ, ಹೋದ ವೇಳೆ, ಇದ್ದ ಅವಧಿ ಇವು ಇರುತ್ತವೆ. ಈಗಲೂ ಒಳಗಿರುವವರ ಮುಂದೆ 'ಇನ್ನೂ ಇದ್ದಾರೆ' ಎಂಬರ್ಥದ ಟಿಪ್ಪಣಿಯಿರುತ್ತದೆ. ಯಂತ್ರವೇ ಹಠಾತ್ತಾಗಿ ನಿಂತುಹೋದ ದಿನ ಒಳಗಿದ್ದವರ ಮುಂದೆ 'ಕ್ರ್ಯಾಷ್' ಎಂದಿರುತ್ತದೆ. ನೆರಳಾಗಿ ಉಳಿದವರ ಹೆಸರಿನ ಮುಂದೆ ಇರುವ ಟಿಪ್ಪಣಿ ಇಷ್ಟು: ಹೋದರು, ವಿದಾಯದ ದಾಖಲೆಯಿಲ್ಲ.